ಫಸಲಿನ ಮನೆಯ ಹುಡುಗಿ, ತಿಂಗಳ ಸಂಬಳ

ನಮ್ಮದು ಮೂಡಿಗೆರೆ ಕಡೆ ಸಣ್ಣ ಕಾಫಿ ತೋಟ. ಹೆಚ್ಚಿನದು ರೋಬಸ್ಟಾ, ಮರಗಳಿಗೆ ಮೆಣಸಿನ ಬಳ್ಳಿ. ಇಂಥ ಮನೆಗಳಲ್ಲಿ ದುಡ್ಡು ಬರೋದು ವರ್ಷಕ್ಕೊಂದು ಸಲ. ಜನವರಿ ಹೊತ್ತಿಗೆ ಕೊಯ್ಲು, ಆಮೇಲೆ ಕಣದಲ್ಲಿ ಒಣಗಿಸುವುದು, ಆಮೇಲೆ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿದ ಕಾಫಿ ಹಣ್ಣಿನ ಮಾರಾಟ. ಅಲ್ಲಿಯವರೆಗೆ ಏನು ಕೇಳಿದರೂ ಒಂದೇ ಉತ್ತರ: "ಕಾಫಿ ಕೊಟ್ಟ ಮೇಲೆ ನೋಡೋಣ." ಅಮ್ಮನ ಹಲ್ಲು ನೋವು, ಕೊಟ್ಟಿಗೆಯ ಹೆಂಚು, ನನ್ನ ಕಾಲೇಜು ಫೀಸು, ಎಲ್ಲವೂ ಕಾಫಿ ಕೊಟ್ಟ ಮೇಲೆಯೇ.

ಈಗ ನನಗೆ ಮೂವತ್ತು ಹತ್ತಿರ. ಬಿ.ಕಾಂ. ಮುಗಿಸಿ ಕೆಲವು ವರ್ಷ ಬೆಂಗಳೂರಿನಲ್ಲಿದ್ದು, ಈಗ ಚಿಕ್ಕಮಗಳೂರಿನಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತಿದ್ದೇನೆ. ಹದಿನೆಂಟು ವರ್ಷದ ನನಗೆ ಏನು ಹೇಳುತ್ತೀಯಾ ಅಂತ ಕೇಳಿದರೆ ಧೈರ್ಯ, ಕನಸು ಅಂತೆಲ್ಲ ಹೇಳಲಾರೆ. ಆ ಹುಡುಗಿಗೆ ಅವೆರಡೂ ಸಾಕಷ್ಟಿದ್ದವು. ಅವಳಿಗೆ ಗೊತ್ತಿಲ್ಲದೇ ಇದ್ದದ್ದು ತಿಂಗಳ ಲೆಕ್ಕ.

ವರ್ಷದ ಲೆಕ್ಕ ಕಲಿತವರಿಗೆ ಒಂದು ಅನುಕೂಲ ಉಂಟು. ಕೈಗೆ ಬಂದದ್ದನ್ನು ಹಿಡಿದಿಟ್ಟುಕೊಳ್ಳುವುದು ಕಷ್ಟವಾಗುವುದಿಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಸರಿಯಾಗಿ ಬೀಳದಿದ್ದರೆ ಮುಂದಿನ ಫಸಲು ಹೋಯಿತು, ಕಣದಲ್ಲಿ ಕಾಫಿ ಇದ್ದಾಗ ಮಳೆ ಬಂದರೆ ಈ ವರ್ಷದ್ದೂ ಹೋಯಿತು. ಹಾಗಾಗಿ ಅಪ್ಪ ದುಡ್ಡು ಬಂದ ದಿನವೇ ಕೂಲಿಗೆ, ಗೊಬ್ಬರಕ್ಕೆ, ಮಳೆಗಾಲದ ದಿನಸಿಗೆ ಅಂತ ತೆಗೆದಿಡುತ್ತಿದ್ದರು. 2024ರಲ್ಲಿ ರೋಬಸ್ಟಾ ಚೆರಿ 50 ಕೆಜಿ ಮೂಟೆಗೆ 10,000 ರೂಪಾಯಿ ದಾಟಿದಾಗ ನಮ್ಮ ಕಡೆ ಹೊಸ ಜೀಪುಗಳು ಬಂದವು. ಅಪ್ಪ ಹಳೇ ಸಾಲ ತೀರಿಸಿ ಕಣಕ್ಕೆ ಸಿಮೆಂಟು ಹಾಕಿಸಿದರು. ಮೂರು ತಿಂಗಳ ಖರ್ಚು ಪಕ್ಕಕ್ಕಿಡಿ ಅಂತ ಎಲ್ಲರೂ ಹೇಳುತ್ತಾರಲ್ಲ, ಅದನ್ನು ನಾನು ಕಷ್ಟಪಟ್ಟು ಕಲಿಯಬೇಕಾಗಲಿಲ್ಲ. ಜೊತೆಗಿದ್ದ ಹುಡುಗಿಯರು ಒದ್ದಾಡುತ್ತಿದ್ದರು.

ಕಷ್ಟ ಆದದ್ದು ಬೇರೆ ಕಡೆ. ದುಡ್ಡು ಬಂದಾಗಲೇ ಎಲ್ಲ ಕೊಂಡುಬಿಡಬೇಕು, ಮಿಕ್ಕಿದ್ದಕ್ಕೆ ಬಾಕಿ ಬರೆಸಬೇಕು ಅನ್ನೋದು ಮೈಗೆ ಹತ್ತಿತ್ತು. ಬೆಂಗಳೂರಿನಲ್ಲಿ ಕ್ರೆಡಿಟ್ ಕಾರ್ಡ್ ಅಂದರೆ ನಮ್ಮೂರಿನ ಅಂಗಡಿಯ ಬಾಕಿ ಪುಸ್ತಕದ ಹಾಗೇ ಕಾಣಿಸಿತು. ಆದರೆ ಅಂಗಡಿಯವರು ಬಡ್ಡಿ ಹಾಕುತ್ತಿರಲಿಲ್ಲ. ಕಾರ್ಡ್‌ನವರು ಬಾಕಿ ಉಳಿದ ಹಣಕ್ಕೆ ತಿಂಗಳಿಗೆ ಶೇಕಡಾ 3ಕ್ಕೂ ಜಾಸ್ತಿ ಹಾಕುತ್ತಾರೆ, ವರ್ಷಕ್ಕೆ 40ರ ಆಸುಪಾಸು. 'ಕನಿಷ್ಠ ಪಾವತಿ' ಅಂತ ಒಂದು ಸಣ್ಣ ಮೊತ್ತ ತೋರಿಸುತ್ತಾರಲ್ಲ, ಅಷ್ಟೇ ಕಟ್ಟಿದರೆ ಉಳಿದದ್ದಕ್ಕೆಲ್ಲ ಈ ಬಡ್ಡಿ ಓಡುತ್ತಲೇ ಇರುತ್ತದೆ. ಕೆಲಸದಲ್ಲಿ ಬೇರೆಯವರ ಲೆಕ್ಕ ನೋಡುವವಳು ನಾನು. ಆ ಅಂಕಿ ನೋಡಿದ ಮೇಲೆ ಕಾರ್ಡ್‌ನ ಪೂರ್ತಿ ಬಿಲ್ಲು ಸಂಬಳದ ಖಾತೆಯಿಂದ ತಾನಾಗಿಯೇ ಹೋಗುವ ಹಾಗೆ ಮಾಡಿಟ್ಟೆ.

ಜೊತೆಗೆ ಅಪ್ಪನ ಲೆಕ್ಕವನ್ನು ತಿರುಗಿಸಿ ಹಾಕಿದೆ. ಅವರು ಒಂದು ಸಲ ಬಂದದ್ದನ್ನು ಹನ್ನೆರಡು ತಿಂಗಳಿಗೆ ಹಂಚುತ್ತಿದ್ದರು. ನಾನು ವರ್ಷಕ್ಕೊಮ್ಮೆ ಬರುವ ಖರ್ಚುಗಳನ್ನೆಲ್ಲ ಬರೆದುಕೊಂಡೆ. ಸ್ಕೂಟರ್ ವಿಮೆ, ಆರೋಗ್ಯ ವಿಮೆ, ಹಬ್ಬದ ಬಟ್ಟೆ, ಮನೆಗೆ ಮಳೆಗಾಲದ ಮುಂಚೆ ಕೊಡುವ ದುಡ್ಡು. ಒಟ್ಟು ಮಾಡಿ ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ ಎಷ್ಟು ಅಂತ ಸಿಕ್ಕಿತು. ಸಂಬಳ ಬಂದ ಮರುದಿನವೇ ಅಷ್ಟು ಇನ್ನೊಂದು ಬ್ಯಾಂಕಿನ ಖಾತೆಗೆ ಹೋಗುತ್ತದೆ. ಆ ಖಾತೆಗೆ ಎಟಿಎಂ ಕಾರ್ಡೂ ಇಲ್ಲ, ಫೋನ್‌ಪೇಯೂ ಇಲ್ಲ. ಅಂಚೆ ಕಚೇರಿಯ ಆರ್‌ಡಿ, ಅಂದರೆ ತಿಂಗಳು ತಿಂಗಳು ಕಟ್ಟುವ ಠೇವಣಿ, ಬೇರೆ. ಅದು 5 ವರ್ಷದ್ದು, ತಿಂಗಳಿಗೆ 100 ರೂಪಾಯಿಯಿಂದಲೂ ಶುರು ಮಾಡಬಹುದು. ಬಡ್ಡಿ ಅಂಥ ಭಾರಿ ಏನಲ್ಲ. ಆದರೆ ಹದಿನೆಂಟಕ್ಕೆ ಅಭ್ಯಾಸ ಆಗಲಿ ಅಂತಾದರೆ ಅದಕ್ಕಿಂತ ಸುಲಭದ್ದು ನನಗೆ ಕಂಡಿಲ್ಲ.

ಇನ್ನು ಹೆಸರಿನ ವಿಷಯ. ಇದನ್ನು ಯಾರೂ ಹೇಳುವುದಿಲ್ಲ. ನಮ್ಮ ಕಡೆಯವರಿಗೆ ಹೆಸರಿನ ಜೊತೆ ಇನಿಷಿಯಲ್ ಇರುತ್ತದೆ, ಊರಿನದು, ಅಪ್ಪನದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ. ಪ್ಯಾನ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆಯಿರಿ ಅಂದರು. ಅಲ್ಲಿಗೆ ಊರಿನ ಹೆಸರು ನನ್ನ ಹೆಸರಾಯಿತು! ಪಿಎಫ್ (ಭವಿಷ್ಯ ನಿಧಿ) ಖಾತೆಯ ಹೆಸರು ಆಧಾರ್‌ಗೆ ಹೊಂದದಿದ್ದರೆ ಹಣ ತೆಗೆಯುವ ಅರ್ಜಿ ವಾಪಸ್ ಬರುತ್ತದೆ. ಹಾಗಾಗಿ ಅಂಕಪಟ್ಟಿಯಲ್ಲಿ ಇರುವ ಹಾಗೇ ಉಳಿದದ್ದನ್ನೆಲ್ಲ ಸರಿ ಮಾಡಿಸುತ್ತಾ ಬಂದೆ. ಮೊದಲು ಆಧಾರ್, ಅದನ್ನು ತೋರಿಸಿ ಪ್ಯಾನ್, ಆಮೇಲೆ ಬ್ಯಾಂಕ್. ಆಧಾರ್‌ನಲ್ಲಿ ಹೆಸರು ಬದಲಿಸಲು ಎರಡೇ ಸಲ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ ಸಲ. ಸುಮ್ನೆ ಹೋಗಿ ಏನೋ ಒಂದು ಬರೆಸಿ ಬರಬಾರದು. ಪಿಯುಸಿ ರಜೆಯಲ್ಲಿ ಮಾಡಬಹುದಾದ ಕೆಲಸ ಇದು. ನೌಕರಿ ಸಿಕ್ಕ ಮೇಲೆ ಇದಕ್ಕೆ ರಜೆ ಹಾಕಬೇಕು.

ಪಿಎಫ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಮ್ಮ ಮೂಲ ವೇತನದಲ್ಲಿ ಶೇಕಡಾ 12 ಹೋಗುತ್ತದೆ, ಕಂಪನಿಯೂ ಅಷ್ಟೇ ಹಾಕುತ್ತದೆ. ಕೆಲಸ ಬಿಟ್ಟಾಗ ಅದನ್ನು ತೆಗೆದು ಫೋನ್ ಕೊಳ್ಳುವವರೇ ಹೆಚ್ಚು. 5 ವರ್ಷ ತುಂಬುವ ಮೊದಲು ತೆಗೆದರೆ ತೆರಿಗೆ ಬೀಳಬಹುದು, ಪಿಂಚಣಿಗೆ 10 ವರ್ಷದ ಸೇವೆ ಬೇಕು. ನಾನು ಅದೇ ಯುಎಎನ್ (ಪಿಎಫ್‌ನ ಖಾಯಂ ಸಂಖ್ಯೆ) ಹೊಸ ಕಂಪನಿಗೆ ಕೊಟ್ಟು ಹಣ ವರ್ಗ ಮಾಡಿಸಿಕೊಂಡೆ.

ಜಾಮೀನಿನ ಮಾತು ಹಾಗಲ್ಲ, ಅದನ್ನು ಬಿಡಿಸಿ ಹೇಳಬೇಕು. ಮನೆಯಲ್ಲಿ ಒಬ್ಬರಿಗೆ ಸಂಬಳ ಬರಲು ಶುರುವಾದರೆ ನೆಂಟರಿಗೆಲ್ಲ ಗೊತ್ತಾಗುತ್ತದೆ. ದೂರದ ಚಿಕ್ಕಪ್ಪ ಒಬ್ಬರು ಬಂದು, "ಒಂದು ಸೈನ್ ಅಷ್ಟೇ ಕಣಮ್ಮ, ಕಟ್ಟೋನು ನಾನೇ ಅಲ್ವಾ" ಅಂದರು. ಒಂದು ಸೈನ್ ಅಷ್ಟೇ ಅಲ್ಲ ಅದು. 1872ರ ಕರಾರು ಕಾಯ್ದೆಯ ಪ್ರಕಾರ ಸಾಲಗಾರ ಎಷ್ಟಕ್ಕೆ ಹೊಣೆಯೋ ಜಾಮೀನುದಾರರೂ ಅಷ್ಟಕ್ಕೇ ಹೊಣೆ. ಬ್ಯಾಂಕು ಮೊದಲು ಅವರ ಹತ್ತಿರ ವಸೂಲಿ ಮಾಡಿ ಆಮೇಲೆ ನಮ್ಮ ಹತ್ತಿರ ಬರಬೇಕು ಅಂತೇನೂ ಇಲ್ಲ. ಕಾಫಿ ತಿಂಡಿ ಆದ ಮೇಲೆ ಹೇಳಿದೆ: "ಚಿಕ್ಕಪ್ಪ, ಸಹಿ ಹಾಕಲ್ಲ. ನನ್ನ ಕೈಲಾದಷ್ಟು ದುಡ್ಡು ಕೊಡ್ತೀನಿ, ಅದನ್ನ ವಾಪಸ್ ಕೊಡಬೇಡಿ." ಸ್ವಲ್ಪ ದಿನ ಮುನಿಸಿಕೊಂಡಿದ್ದರು. ಮದುವೆಯೊಂದರಲ್ಲಿ ಸಿಕ್ಕಾಗ ಮಾತಾಡಿಸಿದರು. ಅಮ್ಮನಿಗೆ ಮಾತ್ರ ನಾನು ನೇರವಾಗಿ ಹೇಳಿದ್ದು ಇವತ್ತಿಗೂ ಸರಿ ಕಂಡಿಲ್ಲ.

ಕೊನೆಯದು ಪಹಣಿ. ನಮ್ಮ ತೋಟದ ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇತ್ತು. ಮಲೆನಾಡಿನಲ್ಲಿ ಇಂಥ ಮನೆಗಳು ಎಷ್ಟೋ. ಕೇಳಿದರೆ ಅಪ್ಪ, "ಅದೆಲ್ಲ ನಿಂಗ್ಯಾಕೆ" ಅಂದರು. ಬಿಡಲಿಲ್ಲ. ಹೀಗೇ ಬಿಟ್ಟರೆ ಸಾಲಕ್ಕೂ ತೊಡಕು, ಮಳೆ ಹಾನಿಯ ಪರಿಹಾರಕ್ಕೂ ತೊಡಕು. ಪೌತಿ ಖಾತೆಗೆ, ಅಂದರೆ ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಿಸಲು, ಬೇಕಾದದ್ದು ಮುಖ್ಯವಾಗಿ ಅಜ್ಜನ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ. ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ಅತ್ತೆಯಂದಿರ ಹೆಸರೂ ಬರಲೇಬೇಕು. ಅದನ್ನು ಹೇಳಿದಾಗ ಮನೆಯಲ್ಲಿ ಸ್ವಲ್ಪ ಮಾತು ಬಂತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಷ್ಟೇ ಹಕ್ಕು ಮಗಳಿಗೂ ಹುಟ್ಟಿನಿಂದಲೇ ಇದೆ ಅಂತ ಕೂತು ವಿವರಿಸಿದೆ. ಇದು ನನಗೂ ಅನ್ವಯಿಸುತ್ತದೆ ಅನ್ನೋದು ಅಣ್ಣನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಅವನೇ ನಾಡಕಚೇರಿಗೆ ಓಡಾಡಿದ. ಈಗ ಹೆಚ್ಚುಕಡಿಮೆ ಎಲ್ಲರ ಸಹಿ ಆಗಿದೆ. ಮುಂಬೈಯಲ್ಲಿರುವ ದೊಡ್ಡಪ್ಪನ ಮಗ ದೀಪಾವಳಿಗೆ ಬಂದಾಗ ಹಾಕಬೇಕಾದದ್ದೊಂದು ಬಾಕಿ.