ಸಂಗಾತಿ ಭಾರತದಲ್ಲಿರುವಾಗ ಅಮೆರಿಕದ ತೆರಿಗೆ ರಿಟರ್ನ್ ಸಲ್ಲಿಸುವ ಬಗೆ

ನೀವು ಅಮೆರಿಕದಲ್ಲಿ ದುಡಿಯುತ್ತಿದ್ದು, ನಿಮ್ಮ ಪತ್ನಿ ಅಥವಾ ಪತಿ ವೀಸಾ ಸಿಗದೆಯೋ ತಮ್ಮ ಕೆಲಸ ಬಿಡಲಾಗದೆಯೋ ಭಾರತದಲ್ಲೇ ಉಳಿದಿದ್ದರೆ, ರಿಟರ್ನ್ ತುಂಬುವಾಗ ‘ಸಿಂಗಲ್’ ಎಂದು ಗುರುತು ಹಾಕುವಂತಿಲ್ಲ. ಡಿಸೆಂಬರ್ 31ರಂದು ವಿವಾಹಿತರಾಗಿದ್ದವರು ಇಡೀ ವರ್ಷಕ್ಕೆ ವಿವಾಹಿತರೇ. ಮದುವೆ ಅದೇ ವಾರ ನಡೆದಿದ್ದರೂ, ಸಂಗಾತಿ ಅಮೆರಿಕಕ್ಕೆ ಒಮ್ಮೆಯೂ ಬಂದಿರದಿದ್ದರೂ ಇದು ಬದಲಾಗದು. ಮಕ್ಕಳಿಲ್ಲದ ಹೆಚ್ಚಿನವರಿಗೆ ಉಳಿಯುವುದು ಎರಡು ದಾರಿ: ಪ್ರತ್ಯೇಕ ರಿಟರ್ನ್ ಅಥವಾ ಜಂಟಿ ರಿಟರ್ನ್.

ಹೊರದೇಶದಲ್ಲಿರುವ ಸಂಗಾತಿ ತೆರಿಗೆ ಕಾನೂನಿನ ಪ್ರಕಾರ ‘ನಾನ್‌ರೆಸಿಡೆಂಟ್ ಏಲಿಯನ್’ (ಎನ್‌ಆರ್‌ಎ), ಅಂದರೆ ಅಲ್ಲಿನ ನಿವಾಸಿಯಲ್ಲದ ವಿದೇಶಿ. ಅವರನ್ನು ಇಡೀ ವರ್ಷ ಅಮೆರಿಕದ ನಿವಾಸಿಯೆಂದು ಪರಿಗಣಿಸಬೇಕೆಂದು ಇಬ್ಬರೂ ಸಹಿ ಮಾಡಿದ ಹೇಳಿಕೆಯನ್ನು ಲಗತ್ತಿಸಿದರೆ ಮಾತ್ರ ಜಂಟಿ ರಿಟರ್ನ್ ಸಾಧ್ಯ. ಇದಕ್ಕೆ ವರ್ಷದ ಕೊನೆಯ ದಿನ ನೀವು ಅಲ್ಲಿನ ನಾಗರಿಕರೋ ತೆರಿಗೆಯ ಲೆಕ್ಕದಲ್ಲಿ ನಿವಾಸಿಯೋ ಆಗಿರಬೇಕು. ಈ ಆಯ್ಕೆಗೆ ತೆರಬೇಕಾದ ಬೆಲೆಯೆಂದರೆ, ಸಂಗಾತಿಯ ಭಾರತದ ಸಂಬಳ, ಬಾಡಿಗೆ, ಬ್ಯಾಂಕ್ ಬಡ್ಡಿ ಎಲ್ಲವೂ ಡಾಲರ್ ಲೆಕ್ಕದಲ್ಲಿ ನಿಮ್ಮ ರಿಟರ್ನ್‌ಗೆ ಸೇರುತ್ತವೆ. ಭಾರತದ ಆರ್ಥಿಕ ವರ್ಷ ಏಪ್ರಿಲ್‌ನಿಂದ ಆರಂಭವಾಗುವುದರಿಂದ ಫಾರಂ 16ರ ಮೊತ್ತವನ್ನು ಹಾಗೆಯೇ ಎತ್ತಿ ಬರೆಯಲಾಗದು. ಜನವರಿಯಿಂದ ಡಿಸೆಂಬರ್‌ವರೆಗಿನ ಸಂಬಳದ ಚೀಟಿಗಳನ್ನು ಕೂಡಿಸಿಯೇ ಲೆಕ್ಕ ಹಾಕಬೇಕು.

ಇಷ್ಟಾಗಿಯೂ ಜಂಟಿ ರಿಟರ್ನ್ ಲಾಭದ್ದೇ ಎಂಬುದನ್ನು ಊಹಿಸದೆ ಎರಡೂ ಬಗೆಯಲ್ಲಿ ಲೆಕ್ಕ ಮಾಡಿ ನೋಡಿ. 2025ರಲ್ಲಿ ನಿಮ್ಮ ಆದಾಯ 90,000 ಡಾಲರ್ ಎಂದುಕೊಳ್ಳೋಣ. ಪ್ರತ್ಯೇಕವಾಗಿ ಸಲ್ಲಿಸಿದರೆ 15,750 ಡಾಲರ್ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು ತೆರಿಗೆ ಸುಮಾರು 11,250 ಡಾಲರ್ ಆಗುತ್ತದೆ. ಆದಾಯವಿಲ್ಲದ ಸಂಗಾತಿಯೊಂದಿಗೆ ಜಂಟಿಯಾಗಿ ಸಲ್ಲಿಸಿದರೆ ಡಿಡಕ್ಷನ್ 31,500ಕ್ಕೆ ಏರಿ, ತೆರಿಗೆ ಸುಮಾರು 6,540ಕ್ಕೆ ಇಳಿಯುತ್ತದೆ. ಸಂಗಾತಿಯ ಆದಾಯ ಸುಮಾರು 38,900 ಡಾಲರ್ ತಲುಪುವವರೆಗೂ ಈ ಉದಾಹರಣೆಯಲ್ಲಿ ಜಂಟಿ ರಿಟರ್ನ್‌ನದೇ ಮೇಲುಗೈ. ಭಾರತದಲ್ಲಿ ಕಟ್ಟಿದ ತೆರಿಗೆಗೆ ಫಾರಂ 1116ರ ಮೂಲಕ ಕ್ರೆಡಿಟ್ ಪಡೆದರೆ ಆ ಗಡಿ ಇನ್ನೂ ಮುಂದಕ್ಕೆ ಹೋಗಬಹುದು.

ಜಂಟಿ ರಿಟರ್ನ್‌ಗೆ ಸಂಗಾತಿಯ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಬೇಕು. ಅದು ಸಿಗದವರು ಫಾರಂ ಡಬ್ಲ್ಯು-7 ತುಂಬಿ ಐಟಿಐಎನ್ (ತೆರಿಗೆಗೆಂದೇ ಕೊಡುವ ಗುರುತಿನ ಸಂಖ್ಯೆ) ಪಡೆಯಬೇಕು. ಆ ಫಾರಂ ಅನ್ನು ರಿಟರ್ನ್‌ನೊಂದಿಗೇ ಕಾಗದದಲ್ಲಿ ಅಂಚೆ ಮೂಲಕ ಕಳುಹಿಸಬೇಕು. ಜೊತೆಗೆ ಮೂಲ ಪಾಸ್‌ಪೋರ್ಟ್ ಅಥವಾ ಅದನ್ನು ನೀಡಿದ ಇಲಾಖೆಯೇ ದೃಢೀಕರಿಸಿದ ಪ್ರತಿ ಇರಬೇಕು. ನೋಟರಿಯ ಮೊಹರು ಸಾಲದು. ವೀಸಾ ಸಂದರ್ಶನ ಹತ್ತಿರವಿರುವಾಗ ಮೂಲ ಪಾಸ್‌ಪೋರ್ಟನ್ನು ವಾರಗಟ್ಟಲೆ ಕೈಬಿಡುವುದು ನನಗಂತೂ ಸರಿಕಾಣದು. ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ನ ಮಾನ್ಯತೆ ಪಡೆದ ‘ಸರ್ಟಿಫೈಯಿಂಗ್ ಅಕ್ಸೆಪ್ಟೆನ್ಸ್ ಏಜೆಂಟ್’ ಬಳಿ ಅದನ್ನು ತೋರಿಸಿ ದೃಢೀಕರಿಸಿಕೊಂಡರೆ ಪಾಸ್‌ಪೋರ್ಟ್ ನಿಮ್ಮಲ್ಲೇ ಉಳಿಯುತ್ತದೆ.

ಪ್ರತ್ಯೇಕ ರಿಟರ್ನ್‌ನಲ್ಲಿ ಈ ರಗಳೆಯಿಲ್ಲ. ಸಂಗಾತಿಗೆ ಸಂಖ್ಯೆಯಿಲ್ಲದಿದ್ದರೆ ಆ ಜಾಗದಲ್ಲಿ ‘ಎನ್‌ಆರ್‌ಎ’ ಎಂದು ಬರೆಯಬೇಕು. ಕಾಲ ಮೀರುತ್ತಿದ್ದರೆ ಮೊದಲು ಹೀಗೆಯೇ ಸಲ್ಲಿಸಿ, ಮೂಲ ಗಡುವಿನಿಂದ ಮೂರು ವರ್ಷದೊಳಗೆ ತಿದ್ದುಪಡಿಯ ಫಾರಂ 1040-ಎಕ್ಸ್ ಮೂಲಕ ಜಂಟಿಗೆ ಬದಲಾಯಿಸಿಕೊಳ್ಳಬಹುದು. ಆದರೆ ಜಂಟಿಯಾಗಿ ಸಲ್ಲಿಸಿದ್ದನ್ನು ಗಡುವು ಮುಗಿದ ಮೇಲೆ ಪ್ರತ್ಯೇಕಕ್ಕೆ ಮರಳಿಸಲಾಗದು. ನಿವಾಸಿಯೆಂದು ಪರಿಗಣಿಸುವ ಆಯ್ಕೆಯೂ ಮುಂದಿನ ವರ್ಷಗಳಿಗೆ ತಾನಾಗಿ ಮುಂದುವರಿಯುತ್ತದೆ, ಒಮ್ಮೆ ಕೊನೆಗೊಳಿಸಿದರೆ ಮತ್ತೆ ಸಿಗುವುದಿಲ್ಲ.

ಭಾರತದಲ್ಲಿ ಇಬ್ಬರ ಹೆಸರಿನಲ್ಲಿರುವ ಖಾತೆಯನ್ನೂ ಮರೆಯಬೇಡಿ. ನೀವು ರಿಟರ್ನ್ ಅನ್ನು ಯಾವ ಬಗೆಯಲ್ಲಿ ಸಲ್ಲಿಸಿದರೂ, ನಿಮ್ಮ ವಿದೇಶಿ ಖಾತೆಗಳ ಒಟ್ಟು ಮೊತ್ತ ವರ್ಷದ ಯಾವುದೇ ದಿನ 10,000 ಡಾಲರ್ ಮೀರಿದ್ದರೆ ಎಫ್‌ಬಿಎಆರ್ ಎಂಬ ವಿದೇಶಿ ಖಾತೆಗಳ ವರದಿಯನ್ನು ರಿಟರ್ನ್‌ನಿಂದ ಬೇರೆಯಾಗಿ, ಅಮೆರಿಕದ ಖಜಾನೆ ಇಲಾಖೆಯ ಫಿನ್‌ಸೆನ್ ವಿಭಾಗದ ಜಾಲತಾಣದಲ್ಲಿ ಸಲ್ಲಿಸಬೇಕು.