ಗೋಡೆಗೆ ಅಂಟಿಸಿದ ಹಾಳೆ: ಎಕ್ಸ್‌ಚೇಂಜ್‌ಗೆ ನಾನು ಯೂನಿವರ್ಸಿಟಿ ಆರಿಸಿದ್ದು ಹೀಗೆ

ನಾನು ಬೆಳೆದದ್ದು ಕೆಂಗೇರಿಯಲ್ಲಿ. ಮೈಸೂರು ರಸ್ತೆಯ ಬಸ್ಸಿನಲ್ಲಿ ಓಡಾಡಿದವರಿಗೆ ಕೊಳಚೆ ಹರಿಯುವ ವೃಷಭಾವತಿ ನದಿಯ ವಾಸನೆ ಗೊತ್ತು. ಕಿಟಕಿ ಮುಚ್ಚಿದರೂ ಒಳಗೆ ಬರುತ್ತದೆ. ಸಿವಿಲ್ ಎಂಜಿನಿಯರಿಂಗ್ ಸೇರುವಾಗಲೇ ಕೊಳಚೆ ನೀರನ್ನು ಶುದ್ಧ ಮಾಡುವುದನ್ನು ಚೆನ್ನಾಗಿ ಕಲಿಯಬೇಕು ಅಂದುಕೊಂಡಿದ್ದೆ.

2019ರ ಶುರುವಿನಲ್ಲಿ ಕಾಲೇಜಿನಲ್ಲಿ ಎಕ್ಸ್‌ಚೇಂಜ್‌ಗೆ ಅರ್ಜಿ ಕರೆದರು. ಆಗ ನಾನು ನಾಲ್ಕನೇ ಸೆಮಿಸ್ಟರ್. ಐದನೆಯದನ್ನು ಹೊರದೇಶದ ಯೂನಿವರ್ಸಿಟಿಯಲ್ಲಿ ಓದಬಹುದಿತ್ತು, ಆದರೆ ಅಲ್ಲಿ ಓದಿದ್ದನ್ನು ಇಲ್ಲಿನ ಸಬ್ಜೆಕ್ಟ್‌ಗಳ ಬದಲಿಗೆ ನಮ್ಮ ಕಾಲೇಜು ಒಪ್ಪಬೇಕು. ಪಟ್ಟಿಯಲ್ಲಿ ಜರ್ಮನಿಯ ಮ್ಯೂನಿಕ್, ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್, ಸ್ವೀಡನ್ನಿನ ಲುಂಡ್ ಮತ್ತು ಸಿಂಗಪುರದ ಯೂನಿವರ್ಸಿಟಿಗಳಿದ್ದವು. ಮೂರು ದಿನ ಸಂಜೆ ಕೂತು ರ‍್ಯಾಂಕಿಂಗ್ ಹೋಲಿಸಿದೆ. ನಾಲ್ಕೂ ಒಳ್ಳೆಯವೇ, ಅದರಿಂದ ಏನೂ ತೀರ್ಮಾನ ಆಗಲಿಲ್ಲ. ಹಿಂದಿನ ವರ್ಷ ಹೋಗಿಬಂದಿದ್ದ ಸೀನಿಯರ್ ಅಕ್ಕನನ್ನು ಕೇಳಿದೆ. "ರ‍್ಯಾಂಕಿಂಗ್ ಆಮೇಲೆ ನೋಡು ಕಣೇ. ಐದನೇ ಸೆಮ್‌ನಲ್ಲಿ ಇಲ್ಲಿ ನಿನಗೆ ಏನೇನು ಸಬ್ಜೆಕ್ಟ್ ಇದೆ, ಅದನ್ನ ಮೊದಲು ಬರಿ" ಅಂದರು.

ಆ ರಾತ್ರಿಯೇ ಒಂದು ದೊಡ್ಡ ಹಾಳೆಗೆ ಗೆರೆ ಹಾಕಿ ಗೋಡೆಗೆ ಅಂಟಿಸಿದೆ. ಎಡಗಡೆ ನಮ್ಮ ಸಬ್ಜೆಕ್ಟ್‌ಗಳು: ಕಾಂಕ್ರೀಟ್ ಡಿಸೈನ್, ಜಿಯೋಟೆಕ್ನಿಕಲ್ (ಮಣ್ಣು, ಅಡಿಪಾಯದ ವಿಷಯ), ಹೈಡ್ರಾಲಜಿ (ಮಳೆ, ಹರಿವ ನೀರಿನ ಲೆಕ್ಕ), ನೀರಿನ ಶುದ್ಧೀಕರಣ, ಒಂದು ಎಲೆಕ್ಟಿವ್. ಪಕ್ಕದಲ್ಲಿ ನಾಲ್ಕು ಊರಿಗೆ ನಾಲ್ಕು ಕಾಲಂ. ಪ್ರತಿ ಚೌಕದಲ್ಲೂ ಅದಕ್ಕೆ ಹೊಂದುವ ಕೋರ್ಸ್ ಯಾವುದು, ಯಾವ ಭಾಷೆಯಲ್ಲಿ ಪಾಠ, ಆ ಸೆಮಿಸ್ಟರ್‌ನಲ್ಲಿ ಇದೆಯಾ, ಅದಕ್ಕೆ ಮೊದಲು ಏನು ಓದಿರಬೇಕು, ಪರೀಕ್ಷೆ ಯಾವಾಗ ಅಂತ ಬರೆಯುತ್ತಾ ಹೋದೆ. ಎರಡು ವಾರ ಹಿಡಿಯಿತು.

ಮೊದಲು ಬಿಟ್ಟಿದ್ದು ಮ್ಯೂನಿಕ್. ಜರ್ಮನಿಯಲ್ಲಿ ಚಳಿಗಾಲದ ಪಾಠ ಅಕ್ಟೋಬರ್ ಮಧ್ಯದಲ್ಲಿ ಶುರುವಾಗಿ ಫೆಬ್ರವರಿವರೆಗೆ ನಡೆಯುತ್ತದೆ. ಪರೀಕ್ಷೆ ಅದಾದ ಮೇಲೆ. ಅಷ್ಟರಲ್ಲಿ ಇಲ್ಲಿ ಆರನೇ ಸೆಮಿಸ್ಟರ್ ಶುರುವಾಗಿರುತ್ತದೆ. ಇಂಗ್ಲಿಷ್‌ನಲ್ಲಿ ಇರುವ ಕೋರ್ಸ್‌ಗಳೂ ಹೆಚ್ಚಿನವು ಮಾಸ್ಟರ್ಸ್ ಮಟ್ಟದವು. ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ನಾನು ಕಲಿತ ಎ1, ಅಂದರೆ ಮೊದಲ ಹಂತದ ಜರ್ಮನ್ ಊಟ ಕೇಳುವುದಕ್ಕೆ ಸಾಕು, ಕಾಂಕ್ರೀಟ್ ಪಾಠ ಕೇಳುವುದಕ್ಕೆ ಸಾಲದು.

ಡೆಲ್ಫ್ಟ್ ಬಿಡುವಾಗ ನಿಜವಾಗಿ ಬೇಜಾರಾಯಿತು. ನೀರಿನ ವಿಷಯಕ್ಕೆ ಆ ಊರು ಅಷ್ಟು ಹೆಸರುವಾಸಿ. ಆದರೆ ಮೂರನೇ ವರ್ಷದ ಮೊದಲರ್ಧದಲ್ಲಿ ಅಲ್ಲಿ 30 ಕ್ರೆಡಿಟ್‌ನ ಮೈನರ್ ಅನ್ನುವ ಕೋರ್ಸ್‌ಗಳ ಒಂದೇ ಕಟ್ಟು ಇರುತ್ತದೆ. ನನ್ನ ಎಡಗಡೆಯ ಐದು ಸಬ್ಜೆಕ್ಟ್‌ಗೆ ಅದು ಹೊಂದಲಿಲ್ಲ. ಲುಂಡ್ ಕೊನೆಯವರೆಗೂ ಉಳಿದಿತ್ತು. ಅಲ್ಲಿನ ಎಂಜಿನಿಯರಿಂಗ್ ವಿಭಾಗದಲ್ಲಿ ಸೆಮಿಸ್ಟರ್ ಅನ್ನು ಎರಡು ಭಾಗ ಮಾಡಿ, ಒಂದೊಂದರಲ್ಲಿ ಒಂದೆರಡು ಕೋರ್ಸ್ ಮಾತ್ರ ಓದಿಸುತ್ತಾರೆ. ನನಗೆ ಆ ರೀತಿ ತುಂಬಾ ಹಿಡಿಸಿತು. ಆದರೆ ನನಗೆ ಬೇಕಾದ ನೀರಿನ ಕೋರ್ಸ್‌ಗೆ ಮೊದಲೇ ಓದಿರಬೇಕಾದ ಒಂದು ವಿಷಯ ನನ್ನ ಹತ್ತಿರ ಇರಲಿಲ್ಲ.

ಉಳಿದದ್ದು ಎನ್‌ಯುಎಸ್, ಅಂದರೆ ನ್ಯಾಷನಲ್ ಯೂನಿವರ್ಸಿಟಿ ಆಫ್ ಸಿಂಗಪುರ. ಆಗಸ್ಟ್‌ನಲ್ಲಿ ಶುರು, 13 ವಾರ ಪಾಠ, ಡಿಸೆಂಬರ್ ಮೊದಲ ವಾರಕ್ಕೆ ಪರೀಕ್ಷೆ ಮುಗಿಯುತ್ತದೆ. ನಮ್ಮ ಕ್ಯಾಲೆಂಡರ್‌ಗೆ ಸರಿಹೋಯಿತು. ಅಲ್ಲಿನ ವಿದ್ಯಾರ್ಥಿಗಳೇ ಕಟ್ಟಿದ ಎನ್‌ಯುಎಸ್‌ಮಾಡ್ಸ್ ಅನ್ನುವ ತಾಣದಲ್ಲಿ ಪ್ರತಿ ಮಾಡ್ಯೂಲ್‌ನ (ಕೋರ್ಸ್‌ಗೆ ಆಗ ಅಲ್ಲಿ ಹಾಗೆನ್ನುತ್ತಿದ್ದರು) ತರಗತಿ ಸಮಯ, ಪರೀಕ್ಷೆಯ ದಿನ ಎಲ್ಲಾ ಸಿಗುತ್ತದೆ. ಮನೆಯಲ್ಲೇ ಕೂತು ಟೈಮ್‌ಟೇಬಲ್ ಹಾಕಿ ನೋಡಿದೆ. ನಾನು ಆರಿಸಿದ ಎರಡು ಮಾಡ್ಯೂಲ್‌ಗಳ ಪರೀಕ್ಷೆ ಒಂದೇ ಹೊತ್ತಿಗೆ ಬಿದ್ದಿತ್ತು. ಅರ್ಜಿ ಹಾಕುವ ಮೊದಲೇ ಗೊತ್ತಾದದ್ದು ಒಳ್ಳೆಯದಾಯಿತು, ಅಲ್ವಾ? ನನಗೆ ಬೇಕಾದದ್ದು ಐದು. ಎರಡು ಜಾಸ್ತಿ ಸೇರಿಸಿ ಏಳರ ಪಟ್ಟಿ ಮಾಡಿದೆ.

ಮನಸ್ಸು ಅಲ್ಲಿಗೇ ವಾಲಿದ್ದಕ್ಕೆ ಇನ್ನೊಂದು ಕಾರಣ ಇದೆ. ಬೆಂಗಳೂರು ಸುಮಾರು 100 ಕಿಲೋಮೀಟರ್ ದೂರದ ಕಾವೇರಿಯಿಂದ ನೀರು ಎತ್ತಿ ತರುತ್ತದೆ. ಸಿಂಗಪುರ ಪಕ್ಕದ ಮಲೇಷ್ಯಾದ ಜೊಹೋರ್‌ನಿಂದ ನೀರು ಕೊಳ್ಳುತ್ತದೆ. 1962ರ ಆ ಒಪ್ಪಂದ 2061ಕ್ಕೆ ಮುಗಿಯುತ್ತದೆ. ಅದಕ್ಕೇ ಅವರು 2003ರಿಂದ ಕೊಳಚೆ ನೀರನ್ನೇ ಶುದ್ಧ ಮಾಡಿ ನ್ಯೂವಾಟರ್ ಅಂತ ಬಳಸುತ್ತಿದ್ದಾರೆ. ಮೊದಲು ಸೂಕ್ಷ್ಮ ಜರಡಿ, ಆಮೇಲೆ ರಿವರ್ಸ್ ಆಸ್ಮೋಸಿಸ್ (ಆರ್‌ಒ), ಕೊನೆಗೆ ನೇರಳಾತೀತ ಬೆಳಕು. ಹೆಚ್ಚಿನ ಪಾಲು ಕಾರ್ಖಾನೆಗಳಿಗೆ ಹೋಗುತ್ತದೆ, ಮಳೆ ಕಡಿಮೆಯಾದಾಗ ಸ್ವಲ್ಪ ಜಲಾಶಯಕ್ಕೂ ಬಿಡುತ್ತಾರೆ. ನಮ್ಮಲ್ಲಿ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆಯಲ್ಲ, ಅದರ ಬಗ್ಗೆ ಊರಿನಲ್ಲೆಲ್ಲಾ ವಾದ ನಡೆಯುತ್ತಿದ್ದ ಕಾಲ ಅದು. ಆ ಪ್ರಶ್ನೆ ಇಟ್ಟುಕೊಂಡು ಹೋಗುವುದಕ್ಕೆ ಇದಕ್ಕಿಂತ ಒಳ್ಳೆಯ ಊರು ನನಗೆ ಕಾಣಲಿಲ್ಲ. ಬೆಡೊಕ್‌ನಲ್ಲಿದ್ದ ನ್ಯೂವಾಟರ್ ಕೇಂದ್ರಕ್ಕೆ ಆಮೇಲೆ ಎರಡು ಸಲ ಹೋಗಿಬಂದೆ.

ಮನೆಯಲ್ಲಿ ಅಪ್ಪ ದುಡ್ಡು ಕೇಳಿದರು, ಅಮ್ಮ ದೂರ ಕೇಳಿದರು. ಎಕ್ಸ್‌ಚೇಂಜ್‌ನಲ್ಲಿ ಫೀಸು ನಮ್ಮ ಕಾಲೇಜಿಗೇ ಕಟ್ಟುತ್ತೇವೆ, ಅಲ್ಲಿ ಬೋಧನಾ ಶುಲ್ಕ ಇಲ್ಲ. ಬಾಡಿಗೆ, ಊಟ, ವಿಮಾನದ ಖರ್ಚು ಮಾತ್ರ ನಮ್ಮದು. ಆಗ ಸಿಂಗಪುರ ಡಾಲರ್‌ಗೆ ಸುಮಾರು 50 ರೂಪಾಯಿ. ಹಾಸ್ಟೆಲ್ ಬಾಡಿಗೆಯೇ ದೊಡ್ಡ ಖರ್ಚು. ಜರ್ಮನಿಯ ಹಾಗೆ ವೀಸಾಗಾಗಿ ಮೊದಲೇ ಬ್ಲಾಕ್ಡ್ ಅಕೌಂಟ್‌ನಲ್ಲಿ ಖರ್ಚಿನ ಹಣ ಕಟ್ಟಿಡುವ ತೊಂದರೆ ಇರಲಿಲ್ಲ. ಅಲ್ಲಿದ್ದು ಓದಲು ಬೇಕಾದ ಸ್ಟೂಡೆಂಟ್ಸ್ ಪಾಸ್‌ಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಿದೆ. ಅಮ್ಮನಿಗೆ ವಿಮಾನ ನಾಲ್ಕೂವರೆ ಗಂಟೆ ಅಂತ ಹೇಳಿದೆ. "ಹಾಗಾದ್ರೆ ಬಸ್ಸಲ್ಲಿ ಮಂಗಳೂರಿಗೆ ಹೋಗೋದಕ್ಕಿಂತ ಬೇಗ" ಅಂದು ಒಪ್ಪಿದರು.

ನಮ್ಮ ವಿಭಾಗದ ಮುಖ್ಯಸ್ಥೆ ಮೇಡಂ ಕೇಳಿದ್ದು ಒಂದೇ ಪ್ರಶ್ನೆ: ಅವರ 4 ಕ್ರೆಡಿಟ್ ನಮ್ಮ 4 ಕ್ರೆಡಿಟ್‌ಗೆ ಸಮ ಹೇಗೆ? ಎನ್‌ಯುಎಸ್ ಲೆಕ್ಕದಲ್ಲಿ 4 ಕ್ರೆಡಿಟ್‌ನ ಮಾಡ್ಯೂಲ್ ಅಂದರೆ ವಾರಕ್ಕೆ 10 ಗಂಟೆ ಕೆಲಸ. 13 ವಾರಕ್ಕೆ 130 ಗಂಟೆ. ತರಗತಿ, ಟ್ಯುಟೋರಿಯಲ್, ಸ್ವಂತ ಓದು ಎಲ್ಲಾ ಸೇರಿ. ಗಂಟೆಯ ಲೆಕ್ಕ ತೋರಿಸಿದ ಮೇಲೆ ಮಾತು ಸುಲಭವಾಯಿತು. ಎರಡೂ ಕಡೆಯ ಸಿಲಬಸ್ ಅಕ್ಕಪಕ್ಕ ಝೆರಾಕ್ಸ್ ಮಾಡಿ, ಒಂದೇ ಆಗಿರುವ ಪಾಠಗಳಿಗೆ ಬಣ್ಣ ಹಚ್ಚಿ ಕೊಟ್ಟೆ. ನಾಲ್ಕಕ್ಕೆ ಅಲ್ಲೇ ಸಹಿ ಹಾಕಿದರು. ಜಿಯೋಟೆಕ್ನಿಕಲ್‌ಗೆ "ನೋಡೋಣಮ್ಮ, ಆಗಬಹುದು" ಅಂದರು. ನಾನು ಅದನ್ನೇ ಒಪ್ಪಿಗೆ ಅಂದುಕೊಂಡು ಹೊರಟುಬಿಟ್ಟೆ.

ವಾಪಸ್ ಬಂದಾಗ ಮೇಡಂ ಬೇರೆ ಜವಾಬ್ದಾರಿಗೆ ಹೋಗಿದ್ದರು. ಹೊಸಬರು ಸಿಲಬಸ್ ನೋಡಿ ಜಿಯೋಟೆಕ್ನಿಕಲ್ ಒಪ್ಪಲಿಲ್ಲ. ಕಡತದಲ್ಲಿ ಸಹಿ ಇರಲಿಲ್ಲ, ನನಗೆ ವಾದಿಸಲು ಏನೂ ಉಳಿದಿರಲಿಲ್ಲ. ಮುಂದಿನ ವರ್ಷ ಜೂನಿಯರ್‌ಗಳ ಜೊತೆ ಕೂತು ಆ ಪರೀಕ್ಷೆ ಬರೆದೆ.

ಈಗಲೂ ನಮ್ಮ ಕಾಲೇಜಿನ ಹುಡುಗ ಹುಡುಗಿಯರು ಆ ಹಾಳೆ ಕೇಳುತ್ತಾರೆ. ಫೋಟೋ ಕಳಿಸುತ್ತೇನೆ. ಅದರಲ್ಲಿ ಈಗ ಬಲತುದಿಗೆ ಒಂದು ಕಾಲಂ ಜಾಸ್ತಿ ಇದೆ: ಸಹಿ ಮತ್ತು ತಾರೀಖು. ಅದು ಪೂರ್ತಿ ತುಂಬುವವರೆಗೆ ಟಿಕೆಟ್ ಬುಕ್ ಮಾಡಬೇಡಿ ಅಂತ ಕೆಳಗೆ ಕೆಂಪು ಪೆನ್ನಿನಲ್ಲಿ ಬರೆದಿದ್ದೇನೆ.