ಐಪಿ ಸೆಟ್ಟಿನ ಲೆಕ್ಕ ಹಿಡಿದು ಹೋದ ಒಂದೂವರೆ ವರ್ಷ

ನಾನು ತುಮಕೂರಿನಲ್ಲಿ ಡಿಪ್ಲೊಮಾ ಹುಡುಗರಿಗೆ ಎಲೆಕ್ಟ್ರಿಕಲ್ ಪಾಠ ಮಾಡುತ್ತೇನೆ. ಜೊತೆಗೆ ಒಂದೂವರೆ ವರ್ಷದಿಂದ ಬೆಂಗಳೂರಿನ ಒಂದು ಎನ್‌ಜಿಒದಲ್ಲಿ ಹವಾಮಾನ ನೀತಿಯ ರಿಸರ್ಚ್ ಫೆಲೋ. ಐಪಿ ಸೆಟ್, ಅಂದರೆ ರೈತರ ನೀರಾವರಿ ಪಂಪ್‌ಸೆಟ್, ಎಷ್ಟು ಕರೆಂಟ್ ಎಳೆಯುತ್ತೆ ಅಂತ ಲೆಕ್ಕ ಹಿಡಿಯೋದು ನನ್ನ ಕೆಲಸ. ಪಾರ್ಟ್ ಟೈಮ್, ವಾರಕ್ಕೆ 20 ಗಂಟೆ. ಎರಡು ದಿನ ಮಧ್ಯಾಹ್ನದ ಮೇಲೆ ಮನೆಯಿಂದ, ಶನಿವಾರ ಪೂರ್ತಿ ಹಳ್ಳಿಯಲ್ಲಿ, ಉಳಿದದ್ದು ರಾತ್ರಿ ಮಗಳು ಮಲಗಿದ ಮೇಲೆ. ಈ ಕೆಲಸ ಹೇಗೆ ಮಾಡ್ತೀರಿ ಅಂತ ನಮ್ಮ ಕಾಲೇಜಿನವರೇ ಇಬ್ಬರು ಕೇಳಿದರು, ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ನಾಲ್ಕು ತಿಂಗಳು ಹಾಳಾಯಿತು. ನಾನು ಆರಿಸಿಕೊಂಡ ವಿಷಯ 'ಕರ್ನಾಟಕದ ಕೃಷಿ ಮತ್ತು ಸೋಲಾರ್'. 2070ಕ್ಕೆ ನೆಟ್ ಝೀರೋ ಅಂತ 2021ರಲ್ಲಿ ಗ್ಲಾಸ್ಗೋದಲ್ಲಿ ಭಾರತ ಹೇಳಿದ್ದರಿಂದ ಹಿಡಿದು ರಾಜ್ಯದ ಹವಾಮಾನ ಕ್ರಿಯಾ ಯೋಜನೆಯವರೆಗೆ ಸಿಕ್ಕಿದ್ದೆಲ್ಲ ಓದಿದೆ, ಟಿಪ್ಪಣಿ ಮಾಡಿದೆ. ಒಂದು ಸಾಲೂ ಬರೆಯೋಕಾಗಲಿಲ್ಲ. ಪೂರ್ತಿ ಸಮಯ ಇರುವವರು ಹಾಗೆ ಓದಬಹುದೇನೋ. 20 ಗಂಟೆ ಇರುವವರಿಗೆ ಅದು ಆಗದ ಮಾತು. ಕೊನೆಗೆ ನಮ್ಮ ಸೀನಿಯರ್ ಒಬ್ಬರು ಒಂದೇ ಪ್ರಶ್ನೆ ಕೇಳಿದರು: "ನೀವು ಬರೆದದ್ದನ್ನ ಓದಿ ಯಾರು, ಯಾವ ಕಾಗದದಲ್ಲಿ, ಏನು ಬದಲಾಯಿಸಬೇಕು?" ಉತ್ತರ ಇರಲಿಲ್ಲ. ಉತ್ತರ ಹುಡುಕುತ್ತಾ ಹುಡುಕುತ್ತಾ ಇಡೀ ಕರ್ನಾಟಕ ಬಿಟ್ಟು ಮಧುಗಿರಿ ತಾಲ್ಲೂಕಿನಲ್ಲಿ ಹಳ್ಳಿಗಳಿಗೆ ಕರೆಂಟ್ ಒಯ್ಯುವ ಒಂದು 11 ಕೆವಿ ಫೀಡರ್‌ಗೆ ಬಂದು ನಿಂತೆ.

ಯಾಕೆ ಫೀಡರ್ ಅಂದರೆ, ಕೃಷಿಗೆ ಸೋಲಾರ್ ತರೋಕೆ ಕೇಂದ್ರ ಸರ್ಕಾರ 2019ರಲ್ಲಿ ಶುರು ಮಾಡಿದ ಪಿಎಂ ಕುಸುಮ್ ಯೋಜನೆಯ ಸಿ ಭಾಗದಲ್ಲಿ ಫೀಡರ್ ಮಟ್ಟದ ಸೋಲಾರ್ ಅಂತ ಇದೆ. ಸಬ್‌ಸ್ಟೇಷನ್ ಹತ್ತಿರ ಸೋಲಾರ್ ಪ್ಲಾಂಟ್ ಹಾಕಿ, ಆ ಫೀಡರ್‌ನ ಪಂಪ್‌ಸೆಟ್‌ಗಳಿಗೆಲ್ಲ ಹಗಲು ಹೊತ್ತಲ್ಲಿ ಕರೆಂಟ್ ಕೊಡೋದು. ಒಳ್ಳೆಯ ಯೋಚನೆ. ಆದರೆ ಪ್ಲಾಂಟ್ ಎಷ್ಟು ದೊಡ್ಡದು ಬೇಕು ಅನ್ನೋದು ಆ ಫೀಡರ್‌ನಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಖರ್ಚಾಗುತ್ತೆ ಅನ್ನೋದರ ಮೇಲೆ ನಿಂತಿದೆ. ನಮ್ಮಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಉಚಿತ, ರಾಜ್ಯದಲ್ಲಿ ಅಂಥ ಐಪಿ ಸೆಟ್ 30 ಲಕ್ಷಕ್ಕೂ ಹೆಚ್ಚು, ಬಹುತೇಕ ಯಾವುದಕ್ಕೂ ಮೀಟರ್ ಇಲ್ಲ. ಸರ್ಕಾರ ವಿದ್ಯುತ್ ಕಂಪನಿಗಳಿಗೆ ಇದಕ್ಕಾಗಿ ವರ್ಷಕ್ಕೆ 10 ಸಾವಿರ ಕೋಟಿ ರೂಪಾಯಿಗೂ ಜಾಸ್ತಿ ಸಬ್ಸಿಡಿ ಕೊಡುತ್ತೆ. ಲೆಕ್ಕ ಮಾತ್ರ ಅಂದಾಜು. ಫೀಡರ್ ಮೀಟರ್ ತೋರಿಸಿದ್ದರಲ್ಲಿ ಲೈನ್ ಲಾಸ್ (ತಂತಿಯಲ್ಲೇ ಪೋಲಾಗುವ ಕರೆಂಟ್) ಕಳೆದು, ಪಂಪ್‌ಸೆಟ್ ಸಂಖ್ಯೆಯಿಂದ ಭಾಗಿಸುತ್ತಾರೆ. ಅಕ್ರಮ ಕನೆಕ್ಷನ್ ಇದ್ದರೆ ಆ ಸರಾಸರಿಯೇ ತಪ್ಪಾಗುತ್ತೆ, ಅಲ್ವಾ?

ಪ್ರಶ್ನಾವಳಿ ಹಿಡಿದುಕೊಂಡು ಹೋದೆ. ಮೊದಲ ಪ್ರಶ್ನೆ 'ನಿಮ್ಮ ಮೋಟಾರ್ ಎಷ್ಟು ಎಚ್‌ಪಿ?' ಎಲ್ಲರದ್ದೂ ಒಂದೇ ಉತ್ತರ, ಐದು. ಮೂರು ಶನಿವಾರ ಐದು, ಐದು, ಐದು ಅಂತ ಬರೆದುಕೊಂಡೆ. ಮೂರನೇ ಶನಿವಾರ ಒಬ್ಬ ಹಿರಿಯ ರೈತರು ಹೇಳಿದರು, "ನೋಡಮ್ಮ, ನಮ್ಮನ್ನ ಕೇಳಬೇಡ. ಸಂತೆ ರೋಡಲ್ಲಿ ರೀವೈಂಡಿಂಗ್ ಅಂಗಡಿ ಐತೆ, ಅವನನ್ನ ಕೇಳು. ನಮ್ಮ ಮೋಟಾರ್ ಹೊಟ್ಟೆಯೊಳಗೆ ಏನೈತೆ ಅಂತ ಅವನಿಗೇ ಗೊತ್ತು."

ಸುಟ್ಟ ಮೋಟಾರ್‌ಗೆ ಹೊಸ ತಂತಿ ಸುತ್ತಿಕೊಡುವ ಆ ಅಂಗಡಿಯಲ್ಲಿ ಕಲಿತಷ್ಟು ನಾನು ಯಾವ ವರದಿಯಲ್ಲೂ ಕಲಿಯಲಿಲ್ಲ. ಬಾಗಿಲಲ್ಲೇ ಸುಟ್ಟ ವಾರ್ನಿಷ್ ವಾಸನೆ, ಸಾಲಾಗಿ ನಿಲ್ಲಿಸಿದ ಉದ್ದುದ್ದ ಸಬ್‌ಮರ್ಸಿಬಲ್ ಮೋಟಾರ್‌ಗಳು, ಒಂದೊಂದಕ್ಕೂ ಸುಣ್ಣದ ಕಡ್ಡಿಯಲ್ಲಿ ಬರೆದ ಊರಿನ ಹೆಸರು. ಅಂಗಡಿಯ ಅಣ್ಣ ತನ್ನ ಲೆಕ್ಕದ ಪುಸ್ತಕ ತೆಗೆದು ತೋರಿಸಿದರು: ಯಾರ ಮೋಟಾರ್, ಎಷ್ಟು ಸಲ ಸುಟ್ಟಿತು, ಬೋರು ಎಷ್ಟು ಅಡಿ. ನೀರು ಕೆಳಗೆ ಹೋದ ಹಾಗೆ ಪಂಪಿಗೆ ಸ್ಟೇಜ್ (ನೀರು ಮೇಲೆತ್ತುವ ಚಕ್ರ) ಜಾಸ್ತಿ ಮಾಡಿಸುತ್ತಾರೆ, ಮೋಟಾರ್ ದೊಡ್ಡದಾಗುತ್ತೆ, ದಾಖಲೆಯಲ್ಲಿ ಮಾತ್ರ ಹಳೆಯ 5 ಎಚ್‌ಪಿ ಉಳಿಯುತ್ತೆ. ಮುಂದಿನ ವಾರ, ತಂತಿ ಬಿಚ್ಚದೆ ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ ತಗೊಂಡು ಹೋದೆ. ಒಂದು ಸ್ಟಾರ್ಟರ್ ಡಬ್ಬಿ ತೆಗೆದು ಒಂದು ಫೇಸ್ ವೈರಿಗೆ ಹಾಕಿದರೆ 13 ಆಂಪ್ಸ್. ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 7 ಕಿಲೋವ್ಯಾಟ್. 5 ಎಚ್‌ಪಿ ಮೋಟಾರ್ ಪೂರ್ತಿ ಲೋಡಲ್ಲಿ ಎಳೆಯೋದು ಸುಮಾರು 5 ಕಿಲೋವ್ಯಾಟ್. ಅದರ ಪಕ್ಕದಲ್ಲೇ ಆಟೋ ಸ್ಟಾರ್ಟರ್ ಬೇರೆ. ಕರೆಂಟ್ ಯಾವಾಗ ಬಂದರೂ ಮೋಟಾರ್ ತಾನೇ ಓಡುತ್ತೆ, ಗದ್ದೆಗೆ ನೀರು ಬೇಕೋ ಬೇಡವೋ.

ರೈತರದ್ದು ತಪ್ಪು ಅಂತ ಇದನ್ನ ಓದಿಕೊಳ್ಳಬೇಡಿ. ಅದೇ ಮನೆಯ ಅಕ್ಕ ಟೀ ಕೊಡುತ್ತಾ ಹೇಳಿದರು, ಕರೆಂಟಿನ ರಾತ್ರಿ ಪಾಳಿ ಬಂದ ವಾರ ಯಜಮಾನರು ಎರಡು ಗಂಟೆಗೆ ಬ್ಯಾಟರಿ ಹಿಡಿದುಕೊಂಡು ತೋಟಕ್ಕೆ ಹೋಗ್ತಾರೆ, ವಾಪಸ್ ಬರೋವರೆಗೂ ನನಗೆ ನಿದ್ದೆ ಇಲ್ಲ, ಹಾವಿದೆ, ಕರಡಿ ಇದೆ. ಆಟೋ ಸ್ಟಾರ್ಟರ್ ಹಾಕಿಸಿದ್ದು ಅದಕ್ಕೇ. ಆ ದಿನದಿಂದ ನಾನು ಹಳ್ಳಿಯಲ್ಲಿ ಹವಾಮಾನ ಬದಲಾವಣೆ ಅಂತ ಮಾತು ಶುರು ಮಾಡೋದನ್ನೇ ಬಿಟ್ಟೆ. 'ಹಗಲು ಕರೆಂಟ್ ಬಂದರೆ ಏನಾಗುತ್ತೆ?' ಅಂತ ಕೇಳುತ್ತೇನೆ. ಮಾತು ತಾನಾಗಿ ಬರುತ್ತೆ. ನನ್ನ ಬರಹದ ಮೊದಲ ಪುಟದಲ್ಲಿ ಇರೋದೂ ಅದೇ. ಆದರೆ ಹಗಲೆಲ್ಲ ಉಚಿತವಾಗಿ ಕರೆಂಟ್ ಸಿಕ್ಕರೆ ಅಂತರ್ಜಲ ಇನ್ನೂ ಬೇಗ ಬತ್ತುತ್ತೆ ಅನ್ನೋ ಭಯ ನನಗೆ ನಿಜವಾಗಿಯೂ ಇದೆ, ಅದನ್ನೂ ಮುಚ್ಚಿಡದೆ ಬರೆದೆ. 2014ರ ಸೂರ್ಯ ರೈತ ಯೋಜನೆಯಲ್ಲಿ ಕನಕಪುರದ ಹಾರೋಬೆಲೆ ಕಡೆ ಉಳಿದ ಕರೆಂಟನ್ನ ರೈತರೇ ಗ್ರಿಡ್‌ಗೆ ಮಾರುವ ಪ್ರಯತ್ನ ನಡೆದಿತ್ತು. ನೀರು ಉಳಿಸಿದವರಿಗೆ ದುಡ್ಡು ಸಿಗುವ ಅಂಥ ದಾರಿ ಮತ್ತೆ ಬೇಕು ಅನ್ನೋದು ನನ್ನ ಅಭಿಪ್ರಾಯ.

ಫೀಡರ್‌ನ 12 ತಿಂಗಳ ರೀಡಿಂಗ್‌ಗೆ 10 ರೂಪಾಯಿ ಕಟ್ಟಿ ಆರ್‌ಟಿಐ ಹಾಕಿದ್ದೆ. ಅದಕ್ಕೂ ಮೊದಲೇ ವಿದ್ಯುತ್ ಕಂಪನಿಯ ಸೆಕ್ಷನ್ ಆಫೀಸಿನಲ್ಲಿ ಕೂತು ಮಾತಾಡಿದ ಮೇಲೆ ಅರ್ಧ ವಿಷಯ ಅರ್ಥವಾಯಿತು. ಲೈನ್‌ಮನ್‌ಗಳ ಜೊತೆ ಮಾತಾಡಿ, ಯಾವ ಟಿಸಿ (ಟ್ರಾನ್ಸ್‌ಫಾರ್ಮರ್) ಮೇಲೆ ಎಷ್ಟು ಲೋಡ್ ಇದೆ ಅಂತ ಬಾಯಲ್ಲೇ ಹೇಳ್ತಾರೆ.

ಸೇರುವ ಮುಂಚೆ ಕೇಳಬೇಕಾದದ್ದೂ ಇದೆ. ಇಂಥ ಹುದ್ದೆ ಅನುದಾನದ ಮೇಲೆ ನಡೆಯುತ್ತೆ, ಅನುದಾನ ಮುಗಿದರೆ ಮುಗಿಯಿತು, ಬಹಳ ಕಡೆ ಪಿಎಫ್ ಇರಲ್ಲ. ಓಡಾಟದ ಖರ್ಚು ಬೇರೆ ಕೊಡ್ತಾರಾ, ವರದಿಯಲ್ಲಿ ಹೆಸರು ಬರುತ್ತಾ, ಕನ್ನಡದಲ್ಲಿ ಬರೆಯಬಹುದಾ, ಇಷ್ಟನ್ನ ಕಾಗದದಲ್ಲಿ ಬರೆಸಿಕೊಳ್ಳಿ. ನಾನು ಕೊನೆಯದನ್ನ ಕೇಳಿರಲಿಲ್ಲ, ಆಮೇಲೆ ಹಟ ಮಾಡಿ ನಾಲ್ಕು ಪುಟದ ಕನ್ನಡ ಪ್ರತಿ ಮಾಡಿಸಿದೆ. ಅದನ್ನೇ ಹಿಡಿದುಕೊಂಡು, ವಿದ್ಯುತ್ ದರ ನಿಗದಿ ಮಾಡುವ ರಾಜ್ಯದ ಆಯೋಗವಾದ ಕೆಇಆರ್‌ಸಿ ದರ ಪರಿಷ್ಕರಣೆಯ ಸಾರ್ವಜನಿಕ ವಿಚಾರಣೆಗೆ ಹೋದೆ. ಪೇಪರಿನಲ್ಲಿ ಪ್ರಕಟಣೆ ಬಂದ ಮೇಲೆ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಕನ್ನಡದಲ್ಲೇ ಮಾತಾಡಿದೆ, ಐದು ನಿಮಿಷ. ಪಂಪ್‌ಸೆಟ್ ಲೋಡನ್ನ ಸ್ಯಾಂಪಲ್ ಆಗಿಯಾದರೂ ಸ್ಥಳದಲ್ಲೇ ಅಳೆಯಿರಿ, ಆಮೇಲೆ ಪ್ಲಾಂಟ್ ಗಾತ್ರ ನಿರ್ಧರಿಸಿ ಅಂತ ಕೇಳಿದೆ. ಹಿಂದಿನ ಸಾಲಿನಲ್ಲಿ ಆ ರೀವೈಂಡಿಂಗ್ ಅಂಗಡಿಯ ಅಣ್ಣ ಪುಸ್ತಕ ತೊಡೆ ಮೇಲಿಟ್ಟುಕೊಂಡು ಕೂತಿದ್ದರು, ಅಂಗಡಿ ಮುಚ್ಚಿ ಬಂದಿದ್ದರು.

ಈಗ ಬೇಸಿಗೆಯ ಅಳತೆ ಬಾಕಿ ಇದೆ. ಏಪ್ರಿಲ್‌ನಲ್ಲಿ ವೋಲ್ಟೇಜ್ ಬಿದ್ದಾಗ ಅದೇ ಮೋಟಾರ್‌ಗಳು ಎಷ್ಟು ಆಂಪ್ಸ್ ಎಳೀತವೆ ಅಂತ ನೋಡಬೇಕು.